ಮಾಸ್ಟರ್ಸ್ ಈಜು ಕೂಟಕ್ಕೆ ಎಷ್ಟು ಸ್ಪರ್ಧೆಗೆ ಹೆಸರು ಕೊಡೋದು?

ಹೋದ ಬುಧವಾರ ಲೇಡೀಸ್ ಬ್ಯಾಚ್ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ನಿಂತಿದ್ದೆ. ವರ್ಷದ ಹಿಂದೆ ನಮ್ಮ ಬ್ಯಾಚಿಗೆ ಸೇರಿದ ಹುಡುಗಿ ಬಂದಳು. ಹುಡುಗಿ ಅಂದರೆ 36 ವರ್ಷ, ಎರಡು ಮಕ್ಕಳ ತಾಯಿ. ಕೈಯಲ್ಲಿ ಮೊಬೈಲು, ಅದರಲ್ಲಿ ಮುಂದಿನ ತಿಂಗಳ ಕೂಟದ ಎಂಟ್ರಿ ಫಾರಂ. "ಅಕ್ಕ, ನಾನು ಎಷ್ಟಕ್ಕೆ ಹೆಸರು ಕೊಡ್ಲಿ? ಐದರ ತನಕ ಕೊಡಬಹುದು ಅಂತ ಇದೆ. ಐದೂ ಕೊಟ್ಟುಬಿಡ್ಲಾ?"

ಅವಳ ಕಣ್ಣಲ್ಲಿ ಇದ್ದ ಉತ್ಸಾಹ ನನಗೆ ಚೆನ್ನಾಗಿ ಗೊತ್ತು. ಐದು ವರ್ಷದ ಹಿಂದೆ ಅದೇ ಉತ್ಸಾಹದಲ್ಲಿ ನಾನು ಆರಕ್ಕೆ ಹೆಸರು ಕೊಟ್ಟಿದ್ದೆ. ನಾಳೆ ಹೇಳ್ತೀನಿ ಅಂದೆ. ಮನೆಗೆ ಬಂದು ಕೂತು ಯೋಚಿಸಿದ ಮೇಲೆ, ಅವಳೊಬ್ಬಳಿಗೇ ಯಾಕೆ, ಇದೇ ಪ್ರಶ್ನೆ ಇರುವ ಎಲ್ಲರಿಗೂ ಬರೆದುಬಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಸ್ಟರ್ಸ್ ಅಂದರೆ 25 ದಾಟಿದವರ ಈಜು. ಐದೈದು ವರ್ಷದ ಗುಂಪು ಇರುತ್ತದೆ: 25ರಿಂದ 29, 30ರಿಂದ 34, ಹಾಗೇ ಮೇಲಕ್ಕೆ 80, 90ರ ತನಕ. ಆ ವರ್ಷದ ಡಿಸೆಂಬರ್ 31ಕ್ಕೆ ನಿಮಗೆ ಎಷ್ಟು ವಯಸ್ಸು ಆಗಿರುತ್ತದೋ ಅದೇ ಲೆಕ್ಕ. ಹೀಟ್ಸ್, ಸೆಮಿಫೈನಲ್ ಅಂತ ಎರಡೆರಡು ಸಲ ಈಜಿಸುವುದಿಲ್ಲ. ಒಂದೇ ಸಲ ಈಜುವುದು, ಬಂದ ಟೈಮೇ ಫಲಿತಾಂಶ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾನು ಈಜು ಕಲಿತಿದ್ದು 39ನೇ ವಯಸ್ಸಿಗೆ. ಈಗ 47. ಬೆಂಗಳೂರಿನಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆರು ಸ್ಪರ್ಧೆಗೆ ಹೆಸರು ಕೊಟ್ಟ ವರ್ಷ ನಾನು ಮಾಡಿದ ಲೆಕ್ಕ ಹೀಗಿತ್ತು. 200 ಫ್ರೀಸ್ಟೈಲ್, 50 ಬ್ಯಾಕ್, 100 ಬ್ರೆಸ್ಟ್, 50 ಫ್ಲೈ, 50 ಬ್ರೆಸ್ಟ್, ಕೊನೆಗೆ 50 ಫ್ರೀ. (ಸಂಖ್ಯೆ ಅಂದರೆ ಮೀಟರ್. ಉಳಿದದ್ದು ಈಜುವ ಶೈಲಿ: ಫ್ರೀ ಅಂದರೆ ಫ್ರೀಸ್ಟೈಲ್, ಬ್ಯಾಕ್ ಅಂದರೆ ಬೆನ್ನ ಮೇಲೆ ಈಜುವ ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್ ಅಂದರೆ ಬ್ರೆಸ್ಟ್‌ಸ್ಟ್ರೋಕ್, ಫ್ಲೈ ಅಂದರೆ ಬಟರ್‌ಫ್ಲೈ.) ಕೂಡಿಸಿದರೆ 500 ಮೀಟರ್. ದಿನಾ ಪ್ರಾಕ್ಟೀಸಿನಲ್ಲಿ 1,500 ಈಜುತ್ತೇನೆ, ಭಾನುವಾರ 2,000. ಒಂದು ಇಡೀ ದಿನದಲ್ಲಿ 500 ಮೀಟರ್ ಈಜುವುದು ಏನು ಮಹಾ ಅಂದುಕೊಂಡೆ. ಹೋಗಿ ಬರುವ ಆಟೋ ಖರ್ಚು ಹೇಗೂ ಒಂದೇ, ಆರು ಈಜಿದರೆ ಲಾಭ ಅಲ್ವಾ ಅಂತಲೂ ಅನ್ನಿಸಿತ್ತು.

ಆ ದಿನ ಏನಾಯಿತು ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಕಲಿತಿದ್ದೆಲ್ಲಾ ಅಲ್ಲೇ ಇದೆ. ಬೆಳಿಗ್ಗೆ 200 ಫ್ರೀ ಚೆನ್ನಾಗಿ ಹೋಯಿತು. 3 ನಿಮಿಷ 28 ಸೆಕೆಂಡು, ಅದುವರೆಗಿನ ನನ್ನ ಒಳ್ಳೆ ಟೈಮ್. ಖುಷಿಯಲ್ಲಿ ನೀರಿಂದ ಮೇಲೆ ಬಂದು ಎಲ್ಲರ ಜೊತೆ ಮಾತಾಡಿಕೊಂಡು ನಿಂತುಬಿಟ್ಟೆ. 50 ಬ್ಯಾಕ್ ಕೂಡ ಪರವಾಗಿಲ್ಲ. ಅದಾದ ಮೇಲೆ 100 ಬ್ರೆಸ್ಟಿಗೆ ಕಡಿಮೆ ಅಂದರೂ ಮುಕ್ಕಾಲು ಗಂಟೆ ಇದೆ ಅಂತ ಲೆಕ್ಕ ಹಾಕಿದ್ದೆ. ಆದರೆ ನಮ್ಮ ವಯಸ್ಸಿನ ಹೆಂಗಸರು ಕಡಿಮೆ ಇದ್ದದ್ದರಿಂದ ಮೂರು ನಾಲ್ಕು ಗುಂಪು ಸೇರಿಸಿ ಒಂದೇ ಹೀಟ್, ಅಂದರೆ ಒಟ್ಟಿಗೆ ನೀರಿಗಿಳಿಯುವ ಒಂದೇ ತಂಡ, ಮಾಡಿದರು. ಇದರಲ್ಲಿ ತಪ್ಪೇನಿಲ್ಲ, ಎಲ್ಲಾ ಕಡೆ ಹಾಗೇ ಮಾಡುತ್ತಾರೆ. ಬಾಳೆಹಣ್ಣು ಅರ್ಧ ತಿಂದಿದ್ದೆ, ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಡುವೆ ಸಿಕ್ಕಿದ್ದು ಒಂಬತ್ತೇ ನಿಮಿಷ.

ಮೊದಲ 50 ಮೀಟರ್ ಹೇಗೋ ಆಯಿತು. ಗೋಡೆ ಹತ್ತಿರ ಬಂದಾಗ ಬಲ ಭುಜ ಏಳುತ್ತಿರಲಿಲ್ಲ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಟರ್ನ್ ಮಾಡುವಾಗ ಎರಡೂ ಕೈ ಒಟ್ಟಿಗೆ ಗೋಡೆಗೆ ತಾಗಬೇಕು. ಇದು ಬ್ರೆಸ್ಟ್ ಕಲಿತವರಿಗೆಲ್ಲಾ ಮೊದಲು ಹೇಳಿಕೊಡುವ ನಿಯಮ, ನಾನೇ ಬೇರೆಯವರಿಗೆ ಹತ್ತಾರು ಸಲ ಹೇಳಿದ್ದೇನೆ. ಎಡಗೈ ತಾಗಿತು. ಬಲಗೈ ಇನ್ನೂ ನೀರಿನಲ್ಲೇ ಇತ್ತು. ಒಂದು ಗೇಣು ಹಿಂದೆ. ಅದು ಗೋಡೆ ಮುಟ್ಟುವ ಮೊದಲೇ ನಾನು ತಿರುಗಿದ್ದೆ. ಆಗಲೇ ನನಗೆ ಗೊತ್ತಾಯಿತು. ಉಳಿದ 50 ಮೀಟರ್ ಗೊತ್ತಿದ್ದೂ ಈಜಿದೆ. ತಲೆ ಎತ್ತಿ ನೋಡಿದರೆ ಟರ್ನ್ ಜಡ್ಜ್ ಕೈ ಎತ್ತಿ ನಿಂತಿದ್ದರು. ಡಿಸ್‌ಕ್ವಾಲಿಫೈ.

ಆಮೇಲಿನ ಫ್ಲೈ ಮತ್ತು 50 ಬ್ರೆಸ್ಟ್ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಈಜಿದೆ ಅಷ್ಟೇ. ಆದರೆ ಕೊನೆಯ 50 ಫ್ರೀ ಬಗ್ಗೆ ಹೇಳಲೇಬೇಕು. ನಾಲ್ಕು ತಿಂಗಳು ನಾನು ತಯಾರಿ ಮಾಡಿದ್ದೇ ಅದಕ್ಕೆ. 40 ಸೆಕೆಂಡಿನ ಒಳಗೆ ಬರಬೇಕು ಅಂತ. ಪ್ರಾಕ್ಟೀಸಿನಲ್ಲಿ 40.6 ಬಂದಿತ್ತು. ಅವತ್ತು ಬಂದಿದ್ದು 44.9. ಕೊನೆಯ 15 ಮೀಟರಿನಲ್ಲಿ ಕೈ ನನ್ನದೇ ಅಲ್ಲ ಅನ್ನಿಸುತ್ತಿತ್ತು, ಒದ್ದೆ ಕಂಬಳಿ ಹೊದ್ದು ಈಜಿದ ಹಾಗೆ. ಮನೆಗೆ ಬಂದು ಅತ್ತಿದ್ದು ಡಿಸ್‌ಕ್ವಾಲಿಫೈ ಆಗಿದ್ದಕ್ಕಲ್ಲ, ಈ 44.9ಕ್ಕೆ. ಅದಾಗಿ 12 ದಿನ ನಾನು ಕೊಳದ ಕಡೆ ಹೋಗಲಿಲ್ಲ. ಅದಕ್ಕೂ ಮೊದಲು ಮೂರು ವರ್ಷದಲ್ಲಿ ಅಷ್ಟು ದಿನ ಬಿಟ್ಟಿದ್ದೇ ಇಲ್ಲ.

ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಆಮೇಲೆ ಕೂತು ನೋಡಿದೆ. ಗಣಿತದವಳಿಗೆ ಇದು ಬಿಡದ ಅಭ್ಯಾಸ. ದೂರ ಕೂಡಿಸಿದ್ದೇ ತಪ್ಪು. ಕೂಡಿಸಬೇಕಾದ್ದು ಸಮಯ, ಅದೂ ಪೂರ್ತಿ ಜೋರಿನಲ್ಲಿ ಈಜಿದ ಸಮಯ.

ನಾವು ಟಿವಿಯಲ್ಲಿ ನೋಡುವ ಈಜುಗಾರರನ್ನು ತಗೊಳ್ಳಿ. ಸ್ವೀಡನ್ನಿನ ಸಾರಾ ಶೋಸ್ಟ್ರೋಮ್ 2023ರಲ್ಲಿ 50 ಫ್ರೀಸ್ಟೈಲನ್ನು 23.61 ಸೆಕೆಂಡಿಗೆ ಮುಗಿಸಿದರು. 2017ರಲ್ಲಿ 100 ಮೀಟರ್ 51.71ಕ್ಕೆ. ಆಗ ನನ್ನ 50 ಮೀಟರ್ 41 ಸೆಕೆಂಡು. ಅಂದರೆ ನನ್ನ ದೇಹಕ್ಕೆ ಆ 50 ಮೀಟರ್ ಅನ್ನುವುದು ಅವರ 50ಕ್ಕಿಂತ ಅವರ 100ಕ್ಕೆ ಹತ್ತಿರ. ಹಾಗೇ ನನ್ನ 100 ಮೀಟರ್ ಒಂದೂವರೆ ನಿಮಿಷ, ಅದು ಅವರ 200ಕ್ಕೆ ಹತ್ತಿರ. ನನ್ನ 200 ಹೆಚ್ಚುಕಡಿಮೆ ಅವರ 400. ನಾನು ಹೆಸರು ಕೊಟ್ಟಿದ್ದು 500 ಮೀಟರಿಗೆ ಅಂತ ಅಂದುಕೊಂಡಿದ್ದೆ, ದೇಹ ತೆತ್ತಿದ್ದು 1,000 ಮೀಟರಿನ ರೇಸ್. ಇದು ಅರ್ಥ ಆದ ದಿನ ನನಗೆ ನಿಜವಾಗಿ ಸಮಾಧಾನ ಆಯಿತು. ನನ್ನಲ್ಲಿ ಏನೋ ಕೊರತೆ ಇದೆ ಅಂತಲ್ಲ, ಕೆಲಸವೇ ಅಷ್ಟು ದೊಡ್ಡದಿತ್ತು.

ಒಳಗೆ ಏನಾಗುತ್ತದೆ ಅಂತ ನಮ್ಮ ಕೋಚ್ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಜೋರಾಗಿ ಈಜಿದಾಗ ಮೊದಲ ಹತ್ತು ಸೆಕೆಂಡು ಸ್ನಾಯು ತನ್ನಲ್ಲೇ ಕೂಡಿಟ್ಟುಕೊಂಡ ಶಕ್ತಿಯನ್ನು ಬಳಸುತ್ತದೆ. ಆ ಡಬ್ಬಿ ಖಾಲಿಯಾದರೂ ಕೆಲವೇ ನಿಮಿಷದಲ್ಲಿ ತುಂಬಿಕೊಳ್ಳುತ್ತದೆ. ಕಷ್ಟ ಇರುವುದು ಆ ಹತ್ತು ಸೆಕೆಂಡಿನ ಆಚೆ. ಉಸಿರಿನಿಂದ ಸಿಗುವ ಆಮ್ಲಜನಕ ಸಾಲದೆ ಸಕ್ಕರೆ ಅಂಶವನ್ನು ಅವಸರದಲ್ಲಿ ಒಡೆಯಬೇಕಾಗುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ, ಸ್ನಾಯುವಿನಲ್ಲಿ ಆಮ್ಲ ಜಾಸ್ತಿಯಾಗುತ್ತದೆ, ಕೈಕಾಲು ಭಾರ ಆಗುತ್ತದೆ. ಸುಮ್ನೆ ಕೂತರೆ ಇದು ಪೂರ್ತಿ ಇಳಿಯಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ನಿಧಾನವಾಗಿ ಈಜುತ್ತಾ ಇದ್ದರೆ ಅದಕ್ಕಿಂತ ಬೇಗ ಇಳಿಯುತ್ತದೆ. ಒಲಿಂಪಿಕ್ಸಿನಲ್ಲಿ ಗೆದ್ದವರೂ ಮುಗಿಸಿದ ಕೂಡಲೇ ಇನ್ನೊಂದು ಕೊಳಕ್ಕೆ ಹೋಗಿ ಈಜುತ್ತಾರೆ, ಅದು ಇದಕ್ಕೇ. ನಮ್ಮಲ್ಲಿ ಎಷ್ಟು ಕೂಟಗಳಲ್ಲಿ ಎರಡನೇ ಕೊಳ ಇರುತ್ತದೆ ಹೇಳಿ? ನಾನು ಹೋದ ಕಡೆಯಲ್ಲೆಲ್ಲಾ ಇರುವುದು ಒಂದೇ ಕೊಳ, ಅದರಲ್ಲಿ ಸ್ಪರ್ಧೆ ನಡೆಯುತ್ತಿರುತ್ತದೆ. ನಾವು ಒದ್ದೆ ಬಟ್ಟೆಯಲ್ಲೇ ಸಿಮೆಂಟಿನ ಮೆಟ್ಟಿಲ ಮೇಲೆ ಕೂರುತ್ತೇವೆ. ಹಾಗಾಗಿ ವಿದೇಶದ ಮಾಸ್ಟರ್ಸ್ ಈಜುಗಾರರು ದಿನಕ್ಕೆ ಐದು ಈಜಿದರು ಅಂತ ಕೇಳಿ ನಾವೂ ಹಾಗೇ ಮಾಡುವುದು ಸರಿಯಲ್ಲ.

ಆರರ ಕಥೆ ಆದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಮುಂದಿನ ವರ್ಷ ರಾತ್ರಿ ಬಸ್ಸಿನಲ್ಲಿ ಬೇರೆ ಊರಿನ ಒಂದು ಕೂಟಕ್ಕೆ ಹೋದೆ, ಒಂದೇ ಸ್ಪರ್ಧೆಗೆ ಹೆಸರು ಕೊಟ್ಟು. 50 ಫ್ರೀ. ಎಲ್ಲಾ ಶಕ್ತಿ ಅದಕ್ಕೇ ಇರಲಿ ಅಂತ. ಬ್ಲಾಕಿನಿಂದ (ನೀರಿಗೆ ಹಾರಲು ನಿಲ್ಲುವ ಕಟ್ಟೆ) ಹಾರಿದೆ, ಗಾಗಲ್ಸ್ ಜಾರಿ ಮೂಗಿನ ಮೇಲೆ ಬಂತು, ಕಣ್ಣಿಗೆಲ್ಲಾ ಕ್ಲೋರಿನ್ ನೀರು. ಕಣ್ಣು ಮುಚ್ಚಿಕೊಂಡೇ ಈಜಿದೆ, ಲೇನ್ ಹಗ್ಗಕ್ಕೆ ಎರಡು ಸಲ ಕೈ ತಾಗಿತು. 43 ಚಿಲ್ಲರೆ. ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಕೂಟ ಮುಗಿದಿತ್ತು. ವಾಪಸ್ ಬಸ್ಸು ಇದ್ದದ್ದು ರಾತ್ರಿ ಹತ್ತಕ್ಕೆ. ಹನ್ನೆರಡು ಗಂಟೆ ಆ 43 ಸೆಕೆಂಡನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಈಜುತ್ತಾ ಕೂತಿದ್ದೆ. ಇನ್ನೊಂದು ಸ್ಪರ್ಧೆ ಇದ್ದಿದ್ದರೆ, ಯಾವುದಾದರೂ ಸರಿ, ಅದರಲ್ಲಿ ಇಳಿದು ಆ ಕಹಿ ತೊಳೆದುಕೊಳ್ಳಬಹುದಿತ್ತು. ಹಾಗಾಗಿ ಒಂದು ಅನ್ನುವುದು ತೀರಾ ಕಡಿಮೆ. ಯಾರು ಕೇಳಿದರೂ ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಎರಡಾದರೂ ಇರಲಿ.

2023ರ ನವೆಂಬರಿನಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಯಿತು. ನಾನು ಈಜಲು ಹೋಗಿರಲಿಲ್ಲ, ನಮ್ಮ ಬ್ಯಾಚಿನ ಇಬ್ಬರಿಗೆ ಜೊತೆಯಾಗಿ ಹೋಗಿದ್ದೆ. ಅಲ್ಲಿ ಒಬ್ಬ ಅಮ್ಮನನ್ನು ನೋಡಿದೆ. 70 ದಾಟಿದ್ದರು. ಬ್ಲಾಕ್ ಹತ್ತಲಿಲ್ಲ, ನೀರಿಗೆ ಇಳಿದು ಗೋಡೆ ಹಿಡಿದುಕೊಂಡು ಅಲ್ಲಿಂದಲೇ ಹೊರಟರು. ಮಾಸ್ಟರ್ಸಿನಲ್ಲಿ ಅದಕ್ಕೆ ಅವಕಾಶ ಇದೆ. 50 ಬ್ರೆಸ್ಟ್ ಮುಗಿಸಿದರು, ಏಣಿಯ ಹತ್ತಿರ ಹೋಗಿ ಯಾರ ಕೈಯೂ ಹಿಡಿಯದೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು ನಮ್ಮ ಪಕ್ಕದಲ್ಲೇ ಕೂತರು. ಹೆಗಲ ಮೇಲೆ ಹಳೆಯ ಕಾಟನ್ ಸೀರೆಯ ತುಂಡು, ಫ್ಲಾಸ್ಕಿನಲ್ಲಿ ಗಂಜಿ ತಿಳಿ. ನಾನು ಮಾತಿಗೆ ಎಳೆದೆ. ಎಷ್ಟು ಸ್ಪರ್ಧೆ ಅಮ್ಮಾ ಅಂದೆ.

"ಕೊಟ್ಟದ್ದು ನಾಲ್ಕು. ಈಜುವುದು ಎಷ್ಟೂಂತ ಏಣಿ ಹೇಳ್ತದೆ" ಅಂದರು. ನನಗೆ ಅರ್ಥವಾಗಲಿಲ್ಲ. "ಮೇಲೆ ಹತ್ಲಿಕ್ಕೆ ಯಾರಾದ್ರೂ ಕೈ ಕೊಡ್ಬೇಕಾಯ್ತು ಅಂತಾದ್ರೆ ಅವತ್ತಿಗೆ ಮುಗೀತು ಮಾರಾಯ್ತಿ. ಮತ್ತೆ ನೀರಿಗಿಳಿಯುದಿಲ್ಲ."

ಅವರು ಆ ದಿನ ಎರಡು ಈಜಿದರು, ಎರಡು ಸಲವೂ ತಾವೇ ಹತ್ತಿ ಬಂದರು. ಮೂರನೆಯದು ಮರುದಿನ ಇತ್ತಂತೆ. ಆ ಏಣಿಯ ಮಾತು ನನ್ನೊಳಗೆ ಉಳಿದುಬಿಟ್ಟಿತು. ನನ್ನ ವಯಸ್ಸಿಗೆ ಏಣಿ ಬೇಡ, ಎರಡು ಕೈ ಅಂಚಿನ ಮೇಲೆ ಊರಿ ನೇರ ಮೇಲೆ ಬರಬಲ್ಲೆ. ಹಾಗೆ ಬರಲಾಗದೆ ಏಣಿ ಹುಡುಕಿಕೊಂಡು ಹೋಗಬೇಕಾದರೆ ಮುಂದಿನದು ಬಿಡುತ್ತೇನೆ. ಕಳೆದ ಎರಡು ವರ್ಷದಲ್ಲಿ ಒಂದೇ ಸಲ ಹಾಗೆ ಬಿಟ್ಟಿದ್ದೇನೆ. ಕಟ್ಟಿದ ಫೀಸು ಹೋಯಿತು. ಹೋಗಲಿ. ಎಷ್ಟೋ ಜನ ದುಡ್ಡು ಕಟ್ಟಿದ್ದೀನಲ್ಲಾ ಅಂತ ಎದೆ ಬಡಿತ ಇಳಿಯದಿದ್ದರೂ ಮತ್ತೆ ಬ್ಲಾಕ್ ಹತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾವು ನಲವತ್ತು ದಾಟಿದವರು. ಕೂಟದವರು ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದರೆ ಅದನ್ನು ಬರೀ ಕಾಗದ ಅಂತ ತಿಳಿಯದೆ ನಿಜವಾಗಿ ಹೋಗಿ ಬಿಪಿ, ಇಸಿಜಿ ತೋರಿಸಿಕೊಂಡು ಬನ್ನಿ. ಎದೆ ಹಿಡಿದ ಹಾಗೆ, ತಲೆ ತಿರುಗಿದ ಹಾಗೆ ಆದರೆ ಅಲ್ಲಿಗೇ ನಿಲ್ಲಿಸಿ, ಪಕ್ಕದವರಿಗೆ ಹೇಳಿ.

ಈಗ ನಾನು ಫಾರಂ ತುಂಬುವ ರೀತಿ. ಮೊದಲು ನೋಡುವುದು ಸ್ಪರ್ಧೆಗಳ ಕ್ರಮ. ಸರ್ಕ್ಯುಲರಿನಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅಂತ ಕೊಟ್ಟಿರುತ್ತಾರೆ. ಅದನ್ನು ಒಂದು ಹಾಳೆಯ ಮೇಲೆ ಉದ್ದಕ್ಕೆ ಬರೆದುಕೊಳ್ಳುತ್ತೇನೆ. ಎಂಟು ಲೇನಿನ ಕೊಳದಲ್ಲಿ 50 ಮೀಟರಿನ ಒಂದು ಹೀಟಿಗೆ, ಕರೆದು ನಿಲ್ಲಿಸಿ ಮುಗಿದು ಎಲ್ಲರೂ ಹೊರಗೆ ಬರುವ ತನಕ, ಎರಡು ನಿಮಿಷ ಅಂತ ಹಿಡಿಯುತ್ತೇನೆ. 100ಕ್ಕೆ ಮೂರು ಮೂರೂವರೆ. ನನ್ನ ಎರಡು ಸ್ಪರ್ಧೆಗಳ ನಡುವೆ ಗಂಡಸರ ಹೀಟ್‌ಗಳು ಎಷ್ಟು ಬರಬಹುದು ಅಂತ ಅಂದಾಜು ಮಾಡುತ್ತೇನೆ. ಬಂದ ಉತ್ತರವನ್ನು ಅರ್ಧ ಮಾಡುತ್ತೇನೆ, ಯಾಕೆಂದರೆ ಹೆಸರು ಕೊಟ್ಟವರೆಲ್ಲಾ ಬರುವುದಿಲ್ಲ, ಹೀಟ್‌ಗಳು ಸೇರಿಹೋಗುತ್ತವೆ. ಅರ್ಧ ಮಾಡಿದ ಮೇಲೂ 100 ಅಥವಾ 200 ಆದ ನಂತರ ಮುಕ್ಕಾಲು ಗಂಟೆ, 50 ಆದ ನಂತರ 25 ನಿಮಿಷ ಉಳಿದರೆ ಮಾತ್ರ ಎರಡನೆಯದಕ್ಕೆ ಟಿಕ್ ಹಾಕುತ್ತೇನೆ. ಇಲ್ಲದಿದ್ದರೆ ಎಷ್ಟೇ ಇಷ್ಟ ಇದ್ದರೂ ಇಲ್ಲ. ಹೀಗೆ ಮಾಡಿದಾಗ ಸಾಮಾನ್ಯವಾಗಿ ಒಂದು ದಿನದ ಕೂಟದಲ್ಲಿ ಮೂರು ಉಳಿಯುತ್ತದೆ. ಕೆಲವೊಮ್ಮೆ ಎರಡು. ನಾಲ್ಕು ಉಳಿದದ್ದು ಒಂದೇ ಒಂದು ಸಲ.

ಮೂರು ಅನ್ನುವುದು ಎಲ್ಲರಿಗೂ ಸರಿಹೊಂದುವ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಬ್ಯಾಚಿನಲ್ಲೇ ಚಿಕ್ಕಂದಿನಿಂದ ಈಜಿಕೊಂಡು ಬಂದ ಒಬ್ಬರಿದ್ದಾರೆ, ಅವರ 50 ಮೀಟರ್ 32 ಸೆಕೆಂಡಿಗೆ ಮುಗಿಯುತ್ತದೆ, ಅವರಿಗೆ ಐದು ಆರಾಮ. 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು ರಿಲೇಗಳೂ ಸೇರಿ 11 ಪದಕ ತಂದಳು, ಅದರಲ್ಲಿ 9 ಚಿನ್ನ. ಆಗ ಅವಳಿಗೆ 14 ವರ್ಷ. ನೋಡಿ ಎದೆ ತುಂಬಿ ಬಂತು. ಆದರೆ ಆ ಮಗು ಬೆಳಿಗ್ಗೆ ಸಂಜೆ ನೀರಿನಲ್ಲೇ ಇರುತ್ತಾಳೆ, ಸ್ಪರ್ಧೆಗಳೂ ದಿನಗಳ ಮೇಲೆ ಹಂಚಿಕೊಂಡಿರುತ್ತವೆ. ನಮಗೆ ಸಿಗುವುದು ಒಂದು ಭಾನುವಾರ.

ಶೋಸ್ಟ್ರೋಮ್ ಹೆಸರು ಮೇಲೆ ಹೇಳಿದೆನಲ್ಲಾ, ಅವರ ಕಥೆ ನನಗೆ ತುಂಬಾ ಇಷ್ಟ. 2016ರ ರಿಯೋ ಒಲಿಂಪಿಕ್ಸಿನಲ್ಲಿ 100 ಫ್ಲೈ ಚಿನ್ನ, 200 ಫ್ರೀ ಬೆಳ್ಳಿ, 100 ಫ್ರೀ ಕಂಚು. ವಯಸ್ಸಾಗುತ್ತಾ ಒಂದೊಂದೇ ಬಿಟ್ಟರು. 2024ರ ಪ್ಯಾರಿಸ್ಸಿಗೆ 50 ಫ್ರೀ ಒಂದನ್ನೇ ಈಜುವ ಯೋಚನೆ ಇತ್ತು, ಕೊನೆಗಳಿಗೆಯಲ್ಲಿ 100ನ್ನೂ ಸೇರಿಸಿಕೊಂಡರು. ಎರಡಕ್ಕೂ ಚಿನ್ನ. ಒಂದಲ್ಲ, ಎರಡು! ಆ ಸುದ್ದಿ ಓದಿದಾಗ ನನಗೆ ಆ ರಾತ್ರಿ ಬಸ್ಸು, ಆ ಗಾಗಲ್ಸು ನೆನಪಾಯಿತು.

ಸಂಖ್ಯೆ ಆದ ಮೇಲೆ, ಯಾವುದು ಅನ್ನುವ ಪ್ರಶ್ನೆ. ಮೂರರಲ್ಲಿ ಒಂದು, ಆ ಸೀಸನ್ನಿನಲ್ಲಿ ನಾನು ನಿಜವಾಗಿ ಕೆಲಸ ಮಾಡಿದ್ದು. ಅದು ದಿನದ ಕೊನೆಯಲ್ಲಿ ಬರುವಂತಿದ್ದರೆ ಅದಕ್ಕೂ ಮೊದಲು ಉದ್ದದ್ದು ಯಾವುದೂ ಇರಬಾರದು. ಇನ್ನೊಂದು, ಹೆದರಿಕೆಯಾಗುವಂಥದ್ದು. ನನಗೆ ಅದು ಫ್ಲೈ. ಮಾಸ್ಟರ್ಸಿನಲ್ಲಿ ಫ್ಲೈಗೆ ಬ್ರೆಸ್ಟ್‌ಸ್ಟ್ರೋಕಿನ ಕಾಲು ಹೊಡೆಯಬಹುದು ಅಂತ ನಿಯಮ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಗೊತ್ತಾದ ಮೇಲೇ ನನಗೆ 50 ಫ್ಲೈಗೆ ಹೆಸರು ಕೊಡುವ ಧೈರ್ಯ ಬಂದಿದ್ದು. ಹೆದರಿಕೆಯದ್ದು ಆದಷ್ಟೂ ಮೊದಲು ಬರುವಂತೆ ಆರಿಸಿಕೊಂಡರೆ ಒಳ್ಳೆಯದು. ಅದು ಕೊನೆಗಿದ್ದರೆ ಇಡೀ ದಿನ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತಿರುತ್ತದೆ, ಇಡ್ಲಿ ಒಂದೂ ಒಳಗೆ ಇಳಿಯುವುದಿಲ್ಲ. ಮೂರನೆಯದು ಸುಮ್ನೆ ಇಷ್ಟಕ್ಕೆ. ನನಗೆ 50 ಬ್ಯಾಕ್. ಟೈಮ್ ನೋಡುವುದೂ ಇಲ್ಲ. ಮೇಲೆ ಆಕಾಶ ಕಾಣುತ್ತಿರುತ್ತದೆ, ಗೋಡೆ ಹತ್ತಿರ ಬಂತು ಅಂತ ತಿಳಿಸುವ ಬಾವುಟದ ಸಾಲು ತಲೆ ಮೇಲೆ ಬಂದಾಗ ಕೈ ಎಣಿಸಿಕೊಂಡು ಗೋಡೆ ಮುಟ್ಟುವುದು. ಆ ಒಂದಕ್ಕಾಗಿಯೇ ನಾನು ಕೂಟಕ್ಕೆ ಹೋಗುತ್ತೇನೆ ಅಂದರೂ ಸುಳ್ಳಲ್ಲ.

ರಿಲೇಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬೇಡಿ. ನಿಯಮದಲ್ಲಿ ಅದು ವೈಯಕ್ತಿಕ ಸ್ಪರ್ಧೆಗಳ ಮಿತಿಯೊಳಗೆ ಬರುವುದಿಲ್ಲ, ಆದರೆ ಭುಜಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ. ಸಾಮಾನ್ಯವಾಗಿ ಕೊನೆಗೇ ಇಟ್ಟಿರುತ್ತಾರೆ. ನಿಮ್ಮದನ್ನು ನೀವು ಬಿಟ್ಟರೆ ನಷ್ಟ ನಿಮಗೊಬ್ಬರಿಗೆ, ರಿಲೇ ಬಿಟ್ಟರೆ ಉಳಿದ ಮೂವರಿಗೂ. ಆದ್ದರಿಂದ ರಿಲೇಗೆ ಒಪ್ಪಿಕೊಂಡರೆ ನಾನು ವೈಯಕ್ತಿಕದಲ್ಲಿ ಒಂದನ್ನು ತೆಗೆಯುತ್ತೇನೆ. ಬೇಜಾರಿಲ್ಲದೆ ತೆಗೆಯುತ್ತೇನೆ. ನಾಲ್ಕು ಜನ ಒಂದೇ ಬಣ್ಣದ ಕ್ಯಾಪ್ ಹಾಕಿಕೊಂಡು ಬ್ಲಾಕಿನ ಹಿಂದೆ ನಿಂತಾಗ ಆಗುವ ಖುಷಿ, ಒಬ್ಬಳೇ ನಿಂತಾಗ ನನಗೆ ಯಾವತ್ತೂ ಆಗಿಲ್ಲ.

ಎಂಟ್ರಿ ಫಾರಂ ತುಂಬುವ ದಿನ ನಾವು ಚೆನ್ನಾಗಿ ನಿದ್ದೆ ಮಾಡಿರುತ್ತೇವೆ, ಕೂಟ ಇನ್ನೂ ತಿಂಗಳು ಇರುತ್ತದೆ, ಮೈಯಲ್ಲಿ ನೋವಿಲ್ಲ. ಆ ದಿನದ ನಾವು ಕೂಟದ ದಿನಕ್ಕೆ ಎಲ್ಲಾ ಸಾಧ್ಯ ಅನ್ನುತ್ತೇವೆ. ಕೂಟದ ಹಿಂದಿನ ವಾರ ಶಾಲೆಯಲ್ಲಿ ಪರೀಕ್ಷೆ ಪೇಪರು ತಿದ್ದುವುದಿರುತ್ತದೆ, ಮನೆಗೆ ನೆಂಟರು ಬಂದಿರುತ್ತಾರೆ, ಎರಡು ದಿನ ಪ್ರಾಕ್ಟೀಸ್ ತಪ್ಪಿರುತ್ತದೆ. ಹೆಂಗಸರಿಗೆ ತಿಂಗಳಿನ ಆ ದಿನಗಳೂ ಇವೆ, ನನ್ನ ವಯಸ್ಸಿನಲ್ಲಿ ಅದು ಯಾವಾಗ ಬರುತ್ತದೆ ಅಂತ ಹೇಳುವ ಹಾಗೇ ಇಲ್ಲ, ಇದನ್ನು ಯಾರೂ ಜೋರಾಗಿ ಮಾತಾಡುವುದಿಲ್ಲ, ಆದರೆ ಲೆಕ್ಕದಲ್ಲಿ ಇರಲೇಬೇಕು. ಬೇರೆ ಊರಿನ ಕೂಟವಾದರೆ ಬಸ್ಸಿನಲ್ಲಿ ಅರ್ಧ ನಿದ್ದೆ ಹೋಗಿರುತ್ತದೆ. ಅದಕ್ಕೇ ಪ್ರಯಾಣ ಇರುವ ಕೂಟಕ್ಕೆ ನಾನು ಎರಡೇ ಕೊಡುವುದು.

ಮಾಸ್ಟರ್ಸ್ ಈಜು ಹುಟ್ಟಿದ್ದೇ ಒಂದು ಕಾಳಜಿಯಿಂದ. 1970ರಲ್ಲಿ ಅಮೆರಿಕದ ಟೆಕ್ಸಾಸಿನ ಅಮರಿಲ್ಲೋ ಊರಿನಲ್ಲಿ ಮೊದಲ ಕೂಟ ನಡೆಯಿತು. ಅದರ ಹಿಂದೆ ಇದ್ದವರು ರಾನ್ಸಮ್ ಆರ್ಥರ್ ಅನ್ನುವ ನೌಕಾಪಡೆಯ ಡಾಕ್ಟರು. ದೊಡ್ಡವರಿಗೂ ಒಂದು ಕೂಟ ಅಂತ ಇದ್ದರೆ ಅದರ ನೆಪದಲ್ಲಾದರೂ ಈಜುತ್ತಾ ಆರೋಗ್ಯವಾಗಿರುತ್ತಾರೆ ಅನ್ನುವುದು ಅವರ ಆಸೆ. ನಾನು ಆರು ಈಜಿ 12 ದಿನ ಕೊಳ ಬಿಟ್ಟಿದ್ದು ಅದಕ್ಕೆ ಪೂರ್ತಿ ಉಲ್ಟಾ. ಈಗ ನನಗೆ ಕೂಟ ಚೆನ್ನಾಗಿ ಆಯಿತೋ ಇಲ್ಲವೋ ಅಂತ ಗೊತ್ತಾಗುವುದು ಮಂಗಳವಾರ ಬೆಳಿಗ್ಗೆ. ಸೋಮವಾರ ಮೈಕೈ ನೋವು ಇದ್ದೇ ಇರುತ್ತದೆ. ಮಂಗಳವಾರ ಎದ್ದಾಗ ಬ್ಯಾಗಿನ ಕಡೆ ಕೈ ಹೋಯಿತಾ? ಹೋಗಿದ್ದರೆ ಹೆಸರು ಕೊಟ್ಟಿದ್ದು ಸರಿಯಾಗಿತ್ತು.

ಅಂದಹಾಗೆ 50 ಫ್ರೀಯ ಆ 40 ಸೆಕೆಂಡು. ಹೋದ ವರ್ಷ ಬಂತು. ಮೂರು ಸ್ಪರ್ಧೆಯ ದಿನ, ಬೆಳಿಗ್ಗೆ 50 ಫ್ಲೈ, ಆಮೇಲೆ 50 ಬ್ಯಾಕ್, ಆಮೇಲೆ ಒಂದೂಕಾಲು ಗಂಟೆ ಬಿಡುವು. ಟವಲ್ ಹೊದ್ದು ಆಚೆ ಈಚೆ ನಡೆದೆ, ಮಜ್ಜಿಗೆ ಕುಡಿದೆ, ಯಾರ ಜೊತೆಯೂ ಮಾತಾಡಲಿಲ್ಲ. 39.7. ಟೈಂಕೀಪರ್ ವಾಚನ್ನು ತಿರುಗಿಸಿ ತೋರಿಸಿದರು. ಕಣ್ಣಿಗೆ ನೀರು ಬಂದಿದ್ದರಿಂದ ಮೊದಲು ಓದಲಾಗಲಿಲ್ಲ, ಎರಡನೇ ಸಲ ಓದಿದೆ.

ಗುರುವಾರ ಆ ಹುಡುಗಿ ಮತ್ತೆ ಬಂದಳು. ಸ್ಪರ್ಧೆಗಳ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಕೂತು ನಿಮಿಷ ಎಣಿಸಿದೆವು. ಅವಳ ಐದರಲ್ಲಿ ಎರಡು ಒಂದರ ಹಿಂದೆ ಒಂದು ಇದ್ದವು, ಅದರಲ್ಲಿ ಒಂದನ್ನು ಅವಳೇ ಹೊಡೆದು ಹಾಕಿದಳು. 200 ಫ್ರೀ ಇನ್ನೂ ಒಂದು ಸಲವೂ ನಿಲ್ಲಿಸದೆ ಈಜಿಲ್ಲ ಅಕ್ಕ ಅಂದಳು, ಅದೂ ಹೋಯಿತು. 50 ಬ್ಯಾಕ್ ಇಷ್ಟ ಇಲ್ಲವಂತೆ, ಖಾಲಿ ಬಿಡೋದು ಬೇಡ ಅಂತ ಟಿಕ್ ಮಾಡಿದ್ದಳಂತೆ. ಉಳಿದಿದ್ದು 50 ಫ್ರೀ, 50 ಬ್ರೆಸ್ಟ್. ಮುಖ ಸ್ವಲ್ಪ ಸಣ್ಣದಾಯಿತು. ಮೊದಲ ಕೂಟಕ್ಕೆ ಎರಡು ಸಾಕು ಅಂತ ನಾನೂ ಹೇಳಿದೆ.

ಆಮೇಲೆ ನನ್ನ ಫಾರಂ ತೆಗೆದೆ. ಹೆಂಗಸರ 4x50 ಮೆಡ್ಲಿ ರಿಲೇಗೆ (ನಾಲ್ವರೂ ಒಬ್ಬೊಬ್ಬರು ಒಂದೊಂದು ಶೈಲಿ ಈಜುವುದು) ನಾವು ಮೂವರೇ ಇದ್ದೆವು, ಬ್ರೆಸ್ಟ್ ಈಜುವವರು ಸಿಕ್ಕಿರಲಿಲ್ಲ. ರಿಲೇಯಲ್ಲಿ ನಾಲ್ವರ ವಯಸ್ಸು ಕೂಡಿಸಿ ಗುಂಪು ಹಾಕುತ್ತಾರೆ. 47, 52, 41, ಜೊತೆಗೆ ಅವಳ 36. ಒಟ್ಟು 176. 160ರಿಂದ 199ರ ಗುಂಪಿಗೆ ಸರಿಯಾಗಿ ಕೂತಿತು. ನನ್ನ 50 ಫ್ಲೈ ಮೇಲೆ ಗೆರೆ ಎಳೆದು, ಕೆಳಗೆ ರಿಲೇಯ ಸಾಲಿನಲ್ಲಿ ಅವಳ ಹೆಸರು ಬರೆದೆ.